ಲಿಂಬೆಯ ಚಿಗುರಿಗೇ ಯಾಕೆ ಹುಳ ಬೀಳುತ್ತದೆ?

ಒಂದೇ ಸಾಲಿನಲ್ಲಿ ಎರಡು ಲಿಂಬೆ ಗಿಡ. ಒಂದರ ಚಿಗುರೆಲ್ಲ ಮುದುಡಿದೆ, ಎಲೆ ಮೇಲೆ ಬೆಳ್ಳಗೆ ಅಂಕುಡೊಂಕು ಗೆರೆ. ಪಕ್ಕದ ಗಿಡಕ್ಕೆ ಏನೂ ಆಗಿಲ್ಲ. ಮಣ್ಣು ಅದೇ, ನೀರು ಅದೇ, ಹೊಡೆದ ಎಣ್ಣಿಯೂ (ಕೀಟನಾಶಕವೂ) ಅದೇ. ಹುಳ ಒಂದನ್ನು ಹಿಡಿದು ಇನ್ನೊಂದನ್ನು ಯಾಕೆ ಬಿಟ್ಟಿತು?

ಗದಗ, ಹಾವೇರಿ, ಧಾರವಾಡ ಕಡೆ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆದು ಗೊತ್ತಿರುವ ರೈತರು ಕೃಷಿ ಹೊಂಡವನ್ನೋ ಬೋರನ್ನೋ ನಂಬಿ ಒಂದೆರಡು ಎಕರೆಗೆ ಲಿಂಬೆ ಹಚ್ಚುತ್ತಾರೆ. ಮೊದಲ ಕೆಲವು ವರ್ಷ ಈ ಪ್ರಶ್ನೆ ಅವರನ್ನು ಬಿಡುವುದಿಲ್ಲ. ಹುಬ್ಬಳ್ಳಿಯ ಹಿತ್ತಲಲ್ಲಿ ಒಂದೇ ಗಿಡ ಇಟ್ಟುಕೊಂಡವರಿಗೂ ಅಷ್ಟೇ. ಉತ್ತರ ಬಹುಪಾಲು ಎಲೆಯ ಒಳಗಿದೆ. ಎಲೆ ಎಷ್ಟು ಎಳೆಯದು, ಅದರ ರಸದಲ್ಲಿ ಏನೇನಿದೆ, ಮೈ ಎಷ್ಟು ಗಟ್ಟಿ ಎಂಬುದರ ಮೇಲೆ ಹುಳದ ಬದುಕು ನಿಂತಿದೆ. ಇದು ತಿಳಿದರೆ ಗಿಡವನ್ನು ಯಾವಾಗ ಹತ್ತಿರದಿಂದ ನೋಡಬೇಕು, ಯಾವಾಗ ಸುಮ್ನೆ ಬಿಡಬೇಕು ಅನ್ನೋದು ಗೊತ್ತಾಗುತ್ತದೆ.

ಒಂದೇ ಗಿಡ, ಹಲವು ವಯಸ್ಸಿನ ಎಲೆ

ಗೋವಿನಜೋಳ ಬಿತ್ತಿದರೆ ಹೊಲದ ಎಲ್ಲ ಗಿಡಕ್ಕೂ ಒಂದೇ ವಯಸ್ಸು. ಲಿಂಬೆ ಹಾಗಲ್ಲ. ಅದು ವರ್ಷವಿಡೀ ಹಸಿರಾಗಿರುವ ಮರ. ಒಂದು ಎಲೆ ವರ್ಷಕ್ಕಿಂತ ಹೆಚ್ಚು ಕಾಲ ಟೊಂಗೆಯ ಮೇಲೆ ಉಳಿಯಬಹುದು. ಹೊಸ ಎಲೆ ದಿನಕ್ಕೊಂದರಂತೆ ಬರುವುದಿಲ್ಲ. ಕೆಲವು ವಾರ ಗಿಡ ಸುಮ್ಮನಿರುತ್ತದೆ, ಆಮೇಲೆ ಒಮ್ಮೆಲೇ ಚಿಗುರುತ್ತದೆ. ನಮ್ಮ ಕಡೆ ಮುಂಗಾರು ಹಿಡಿದಾಗ ಒಮ್ಮೆ, ಹಸ್ತ ಮಳೆಯ ಸುಮಾರಿಗೆ ಒಮ್ಮೆ, ಚಳಿ ಇಳಿಯುವ ಜನವರಿ-ಫೆಬ್ರುವರಿಯಲ್ಲಿ ಒಮ್ಮೆ ಚಿಗುರು ಜೋರಾಗಿರುತ್ತದೆ. ಹೂವೂ ಈ ಚಿಗುರಿನ ಜೊತೆಗೇ ಬರುತ್ತದೆ. ಬೆಳೆಗಾರರು ಹೇಳುವ ಮೃಗ ಬಹಾರ್, ಹಸ್ತ ಬಹಾರ್, ಅಂಬೆ ಬಹಾರ್ ಇವೇ.

ಈಗ ಅಡುಗೆಮನೆಯ ಒಂದು ಮಾತು. ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೇವೆ, ಅಲ್ವಾ? ಚಟ್ ಅಂತ ಮುರಿದರೆ ಎಳೆಯದು. ಬಾಗಿದರೆ ಒಳಗೆ ನಾರು ಕೂತಿದೆ, ಬೇಯುವುದಿಲ್ಲ. ಎರಡೂ ಒಂದೇ ಗಿಡದ ಕಾಯಿ, ನಡುವಿನ ಅಂತರ ಕೆಲವೇ ದಿನ. ಲಿಂಬೆಯ ಎಲೆಯಲ್ಲಿ ಆಗುವುದೂ ಇದೇ. ಎಳೆ ಎಲೆಯಲ್ಲಿ ನೀರು ಜಾಸ್ತಿ, ಜೀವಕೋಶಗಳ ಗೋಡೆ ತೆಳು, ಮೇಲಿನ ಮೇಣದ ಪದರ ಇನ್ನೂ ಗಟ್ಟಿಯಾಗಿರುವುದಿಲ್ಲ. ಬಲಿಯುತ್ತ ಹೋದಂತೆ ಗೋಡೆ ದಪ್ಪವಾಗುತ್ತದೆ, ನಾರು ತುಂಬುತ್ತದೆ, ಮೇಣ ಕೂರುತ್ತದೆ. ಬೆಚ್ಚಗಿದ್ದರೆ ಎಲೆ ಬೇಗ ಬಲಿಯುತ್ತದೆ, ತಂಪಿದ್ದರೆ ತಡ.

ಇನ್ನೂ ಒಂದು ವಿಷಯವಿದೆ. ಚಿಗುರು ತನ್ನ ಊಟವನ್ನು ತಾನೇ ಪೂರ್ತಿ ಮಾಡಿಕೊಳ್ಳಲಾರದು. ಹಳೆ ಎಲೆಗಳು ತಯಾರಿಸಿದ ಸಕ್ಕರೆ, ಅವುಗಳಲ್ಲಿ ಕೂಡಿಟ್ಟ ಸಾರಜನಕ, ಎಲ್ಲ ಆ ತುದಿಗೆ ಹರಿದು ಬರುತ್ತದೆ. ಅಂದರೆ ಇಡೀ ಮರದ ಒಳ್ಳೆಯ ಆಹಾರ ಆ ಕೆಲವು ವಾರ ಎರಡು-ಮೂರು ಇಂಚಿನ ಜಾಗಕ್ಕೆ ಸೇರಿರುತ್ತದೆ. ಹುಳಕ್ಕೆ ಬೇಕಾದ ಜಾಗ ಅದೇ.

ಆ ಎರಡು ಗಿಡಗಳ ವಿಷಯಕ್ಕೆ ಬಂದರೆ, ಎಷ್ಟೋ ಸಲ ಕಾರಣ ಇಷ್ಟೇ: ಹುಳದ ತಾಯಿ ಹಾರಿಬಂದ ವಾರ ಒಂದು ಗಿಡದಲ್ಲಿ ಚಿಗುರಿತ್ತು, ಇನ್ನೊಂದರಲ್ಲಿ ಆಗಲೇ ಬಲಿತಿತ್ತು.

ಹುಳಕ್ಕೆ ಕಡಿಮೆ ಬೀಳುವುದು ಯಾವುದು?

ಎಲೆ ಹಸಿರಾಗಿ ಕಂಡ ಮಾತ್ರಕ್ಕೆ ಹುಳಕ್ಕೆ ಹೊಟ್ಟೆ ತುಂಬ ಊಟ ಅಂದುಕೊಳ್ಳಬೇಡಿ. ಹುಳದ ಮೈ ಹೆಚ್ಚಾಗಿ ಪ್ರೋಟೀನ್. ಪ್ರೋಟೀನ್ ಕಟ್ಟಲು ಸಾರಜನಕ ಬೇಕು. ಕೀಟದ ಒಣತೂಕದಲ್ಲಿ ಸಾರಜನಕ ಸುಮಾರು ಶೇ. 7ರಿಂದ 14ರಷ್ಟು ಇರುತ್ತದೆ. ಲಿಂಬೆ ಜಾತಿಯ ಆರೋಗ್ಯವಂತ ಬಲಿತ ಎಲೆಯ ಒಣತೂಕದಲ್ಲಿ ಅದು ಶೇ. 2.5ರ ಆಸುಪಾಸು. ಈ ಕೊರತೆ ತುಂಬಿಕೊಳ್ಳಲು ಹುಳ ಒಂದೋ ಜಾಸ್ತಿ ತಿನ್ನಬೇಕು, ಇಲ್ಲವೇ ಸಾರಜನಕ ಜಾಸ್ತಿ ಇರುವ ಜಾಗ ಹುಡುಕಬೇಕು.

ರಸ ಹೀರುವ ಹೇನಿನಂಥ ಕೀಟಗಳ ಕಷ್ಟ ಇನ್ನೂ ದೊಡ್ಡದು. ಗಿಡದ ನಾಳದಲ್ಲಿ ಹರಿಯುವ ರಸದಲ್ಲಿ ಸಕ್ಕರೆ ಬೇಕಾದಷ್ಟಿದೆ, ಸಾರಜನಕ ಇರುವ ಅಮೈನೋ ಆಮ್ಲಗಳು ಸ್ವಲ್ಪವೇ. ಆ ಸ್ವಲ್ಪಕ್ಕಾಗಿ ಹೇನು ಎಡೆಬಿಡದೆ ಹೀರುತ್ತದೆ. ಬೇಡದ ಸಕ್ಕರೆ ನೀರನ್ನು ಹಿಂದಿನಿಂದ ಹೊರಹಾಕುತ್ತದೆ. ಎಲೆ ಅಂಟಂಟಾಗುವುದು ಇದರಿಂದ. ಆ ಸಿಹಿಗೆ ಇರುವೆ ಬರುತ್ತದೆ, ಅದರ ಮೇಲೆ ಕಾಡಿಗೆ ಹಚ್ಚಿದಂಥ ಕಪ್ಪು ಬೂಷ್ಟು ಬೆಳೆಯುತ್ತದೆ. ಬೂಷ್ಟು ಎಲೆಯ ಒಳಗೆ ಹೋಗುವುದಿಲ್ಲ. ಮೇಲೆ ಕೂತು ಬೆಳಕು ತಡೆಯುತ್ತದೆ, ಅಷ್ಟೇ. ಹಾಗಾಗಿ ಕಪ್ಪು ಕಂಡರೆ ಬರೀ ಬೂಷ್ಟಿನ ಔಷಧ ಹೊಡೆದು ಫಲವಿಲ್ಲ. ಮೇಲಿನ ಎಲೆಗಳ ಕೆಳಬದಿ ತಿರುಗಿಸಿ ನೋಡಬೇಕು, ಹೀರುವ ಹುಳ ಅಲ್ಲಿರುತ್ತದೆ.

ರಸದಲ್ಲಿ ಅಮೈನೋ ಆಮ್ಲ ಸ್ವಲ್ಪ ಹೆಚ್ಚಾದರೂ ಹುಳದ ಲೆಕ್ಕ ಬದಲಾಗುತ್ತದೆ. ಮರಿ ಬೇಗ ಬೆಳೆಯುತ್ತದೆ. ಹೆಣ್ಣು ದಪ್ಪಗಾಗುತ್ತದೆ, ಮೊಟ್ಟೆ ಅಥವಾ ಮರಿ ಜಾಸ್ತಿ ಹಾಕುತ್ತದೆ. ನಿಧಾನವಾಗಿ ಬೆಳೆಯುವ ಮರಿಗೆ ಇನ್ನೊಂದು ಅಪಾಯವೂ ಇದೆ. ಗುಲಗಂಜಿ ದುಂಬಿ, ಜೇಡ, ಸಣ್ಣ ಕಣಜಗಳ ಕೈಗೆ ಸಿಗಲು ಅಷ್ಟು ದಿನ ಜಾಸ್ತಿ ಸಿಗುತ್ತದೆ. ಎಲೆಯ ಗುಣ ಕೀಟದ ವೈರಿಗಳಿಗೂ ಹೀಗೆ ನೆರವಾಗುತ್ತದೆ ಎಂಬುದನ್ನು ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಯಾವ ಹುಳಕ್ಕೆ ಎಂಥ ಎಲೆ?

ರಂಗೋಲಿ ಹುಳುವಿನಿಂದ ಶುರು ಮಾಡೋಣ. ಎಲೆ ಮೇಲೆ ಬೆಳ್ಳಿ ಬಣ್ಣದ ಗೆರೆ ಎಳೆಯುವುದು ಇದೇ. ಇದರ ಪತಂಗ ಕಣ್ಣಿಗೆ ಬೀಳುವುದೇ ಕಷ್ಟ, ಕೆಲವೇ ಮಿಲಿಮೀಟರ್ ಉದ್ದ. ರಾತ್ರಿ ಹೊತ್ತು ಎಳೆ ಎಲೆಯ ಮೇಲೆ, ಹೆಚ್ಚಾಗಿ ನಡುನರದ ಹತ್ತಿರ, ಒಂದೊಂದೇ ಮೊಟ್ಟೆ ಇಡುತ್ತದೆ. ಮರಿ ಎಲೆಯ ಸಿಪ್ಪೆಯ ಕೆಳಗೆ ಇಳಿದು ಅಲ್ಲೇ ತಿನ್ನುತ್ತ ಸಾಗುತ್ತದೆ. ಈ ಕೆಲಸ ಎಳೆ ಎಲೆಯಲ್ಲಿ ಮಾತ್ರ ಸಾಧ್ಯ. ಬಲಿತ ಎಲೆಯ ಗಟ್ಟಿ ಸಿಪ್ಪೆಯೊಳಗೆ ಆ ಮರಿ ಇಳಿಯಲಾರದು. ಹಾನಿ ಬರೀ ಗೆರೆಗೆ ನಿಲ್ಲುವುದಿಲ್ಲ. ಸಿಪ್ಪೆ ಹರಿದ ಜಾಗದಿಂದ ಕಜ್ಜಿ ರೋಗದ ಬ್ಯಾಕ್ಟೀರಿಯಾ ಸುಲಭವಾಗಿ ಒಳಹೋಗುತ್ತದೆ. ನಾವು ದಿನಾ ಬಳಸುವ ತೆಳು ಸಿಪ್ಪೆಯ ಕಾಗ್ಜಿ ಲಿಂಬೆಗೆ ಈ ಕಜ್ಜಿ ಬಹಳ ಬೇಗ ಹತ್ತುತ್ತದೆ.

ಸಿಲ್ಲಾ ಎಂಬ ಹುಳ ಚಿಗುರಿಗೆ ಇನ್ನೂ ಕಟ್ಟುಬಿದ್ದದ್ದು. ಬೆಳೆದ ಸಿಲ್ಲಾ 3-4 ಮಿಲಿಮೀಟರ್ ಉದ್ದ, ಕಂದು ಬಣ್ಣ. ತಲೆ ಕೆಳಗೆ, ಹಿಂಭಾಗ ಮೇಲೆ ಮಾಡಿ ಓರೆಯಾಗಿ ಕೂರುವುದರಿಂದ ಸುಲಭವಾಗಿ ಗುರುತು ಸಿಗುತ್ತದೆ. ಅದು ಬಲಿತ ಎಲೆಯ ರಸ ಹೀರಿ ಬದುಕಬಲ್ಲದು. ಆದರೆ ಮೊಟ್ಟೆ ಇಡುವುದು ಆಗತಾನೇ ಬಿಚ್ಚುತ್ತಿರುವ ಎಲೆಗಳ ಮಡಿಕೆಯಲ್ಲಿ ಮಾತ್ರ. ಒಂದು ಹೆಣ್ಣು ತನ್ನ ಜೀವಮಾನದಲ್ಲಿ 800ರವರೆಗೆ ಮೊಟ್ಟೆ ಇಡಬಲ್ಲದು. ಐದು ಹಂತ ದಾಟುವವರೆಗೆ ಮರಿಗಳಿಗೂ ಎಳೆಯದೇ ಬೇಕು. ಚಿಗುರಿಲ್ಲದ ತೋಟದಲ್ಲಿ ಸಿಲ್ಲಾ ಕಾಯುತ್ತದೆ, ಹೆಚ್ಚುವುದಿಲ್ಲ.

ಸಿಲ್ಲಾ ಬಗ್ಗೆ ಇಷ್ಟು ಬರೆಯಲು ಕಾರಣವಿದೆ. ಗ್ರೀನಿಂಗ್ ರೋಗದ ಬ್ಯಾಕ್ಟೀರಿಯಾವನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಇದೇ. ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಮಚ್ಚೆ, ಸೊಟ್ಟಗಾದ ಸಣ್ಣ ಕಾಯಿ ಇದರ ಲಕ್ಷಣ. ರೋಗ ಬಂದ ಗಿಡವನ್ನು ಪೂರ್ತಿ ಗುಣಪಡಿಸುವ ಔಷಧ ಇಲ್ಲ. ರೋಗವೂ ಎಲೆಯ ಗುಣವನ್ನು ಬದಲಿಸುತ್ತದೆ. ಸೋಂಕು ತಗುಲಿದ ಗಿಡ ಬಿಡುವ ವಾಸನೆ ಸಿಲ್ಲಾವನ್ನು ಹತ್ತಿರಕ್ಕೆ ಸೆಳೆಯುತ್ತದೆ. ಬಂದು ರಸ ಹೀರಿದ ಮೇಲೆ ಆ ರಸ ಸರಿ ಹೋಗದೆ ಅದು ಎದ್ದು ಆರೋಗ್ಯದ ಗಿಡಕ್ಕೆ ಹೋಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ರೋಗ ಹರಡಲು ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಹೇನು ಕೂಡ ಎಳೆ ತುದಿಯನ್ನೇ ಮುತ್ತುತ್ತದೆ. ಕಾಗ್ಜಿ ಲಿಂಬೆಗೆ ಇದು ಸಣ್ಣ ವಿಷಯವಲ್ಲ. ಟ್ರಿಸ್ಟೆಜಾ ಎಂಬ ವೈರಸ್ ಹರಡುವುದು ಹೇನು. ಆ ವೈರಸ್ ಕಾಗ್ಜಿ ಲಿಂಬೆಯಲ್ಲಿ ಎಷ್ಟು ಬೇಗ ಲಕ್ಷಣ ತೋರಿಸುತ್ತದೆ ಅಂದರೆ, ಬೇರೆ ಗಿಡಗಳಲ್ಲಿ ವೈರಸ್ ಇದೆಯೇ ಎಂದು ತಿಳಿಯಲು ವಿಜ್ಞಾನಿಗಳು ಈ ಲಿಂಬೆ ಸಸಿಯನ್ನೇ ಬಳಸುತ್ತಾರೆ.

ಕಪ್ಪು ನೊಣದ ಜಾಣತನ ಬೇರೆ. ಎಳೆ ಎಲೆಯ ಕೆಳಗೆ ಸುರುಳಿಯಾಗಿ ಮೊಟ್ಟೆ ಇಡುತ್ತದೆ. ಮರಿ ಅಲ್ಲೇ ಅಂಟಿ ಕೂತು, ಎಲೆ ಬಲಿತ ಮೇಲೂ ಹೀರುತ್ತಲೇ ಇರುತ್ತದೆ. ಮೆಣಸಿನಕಾಯಿ ಬೆಳೆದವರಿಗೆ ಪರಿಚಯವಿರುವ ಥ್ರಿಪ್ಸ್ ನುಸಿಯ ಬಳಗದವು ಇಲ್ಲಿ ಎಳೆ ಎಲೆ, ಎಳೆ ಕಾಯಿ ಕೆರೆಯುತ್ತವೆ. ಕಾಯಿ ದಪ್ಪವಾದಾಗ ತೊಟ್ಟಿನ ಸುತ್ತ ಬೂದು ಬಣ್ಣದ ಉಂಗುರದಂಥ ಕಲೆ ಉಳಿಯುತ್ತದೆ. ಚಿಪ್ಪಿನಂಥ ಹೊದಿಕೆಯ ಶಲ್ಕ ಕೀಟಗಳಿಗೆ ಚಿಗುರಿನ ಹಂಗು ಅಷ್ಟಿಲ್ಲ. ಅವು ಹಳೆ ಎಲೆ, ಟೊಂಗೆ, ಕಾಯಿಯ ಮೇಲೂ ಕೂರುತ್ತವೆ.

ಹಣ್ಣಿನ ರಸ ಹೀರುವ ದೊಡ್ಡ ಪತಂಗಕ್ಕೆ ಎಲೆಯೇ ಬೇಡ. ಅದು ಬರುವುದು ಹಣ್ಣು ಮಾಗುವಾಗ. ಅದರ ಮರಿಗಳು ಬೆಳೆಯುವುದು ಲಿಂಬೆಯಲ್ಲಲ್ಲ, ಬೇಲಿಯ ಅಮೃತಬಳ್ಳಿಯಂಥ ಬಳ್ಳಿಗಳಲ್ಲಿ.

ಲಿಂಬೆ ಎಲೆಯ ಘಾಟು ಯಾಕೆ ಕಾಯುವುದಿಲ್ಲ?

ಲಿಂಬೆ ಎಲೆ ಹಿಸುಕಿದರೆ ಘಮ್ ಅನ್ನುತ್ತದೆ. ಬೆಳಕಿಗೆ ಹಿಡಿದರೆ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ಇದರ ಜೊತೆ ಎಲೆಯಲ್ಲಿ ಕಹಿ ಮತ್ತು ವಿಷದ ಗುಣದ ಪದಾರ್ಥಗಳೂ ಇವೆ. ಎಷ್ಟೋ ಬಗೆಯ ಹುಳ ಇದನ್ನು ಅಷ್ಟಾಗಿ ಇಷ್ಟಪಡದಿರಲು ಇವೇ ಕಾರಣ.

ಆದರೆ ಲಿಂಬೆ ಜಾತಿಯನ್ನೇ ನಂಬಿ ಬದುಕುವ ಹುಳಗಳಿಗೆ ಇದು ಅಭ್ಯಾಸವಾಗಿದೆ. ಲಿಂಬೆ ಚಿಟ್ಟೆಯನ್ನು ನೋಡಿ. ಕಪ್ಪು ಮೈ, ಹಳದಿ ಚುಕ್ಕೆ, ರೆಕ್ಕೆಯ ಕೆಳಗೆ ಕೆಂಪು ಕಲೆ. ಎಳೆ ಮರಿ ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ಇದರ ಬಳಗದ ಮರಿಗಳ ಹೊಟ್ಟೆಯಲ್ಲಿ ಆ ವಿಷವನ್ನು ಒಡೆದು ಹಾಕುವ ಕಿಣ್ವಗಳಿವೆ. ಅಷ್ಟೇ ಅಲ್ಲ, ತಾಯಿ ಚಿಟ್ಟೆ ಮುಂಗಾಲಿನಿಂದ ಎಲೆಯನ್ನು ತಟ್ಟಿ, ಅದೇ ಪದಾರ್ಥಗಳ ರುಚಿ ನೋಡಿ, ಇದು ಲಿಂಬೆಯೇ ಎಂದು ಖಾತ್ರಿ ಮಾಡಿಕೊಂಡು ಮೊಟ್ಟೆ ಇಡುತ್ತದೆ. ಗಿಡ ಕಾವಲಿಗೆ ಇಟ್ಟದ್ದು ಇವುಗಳಿಗೆ ವಿಳಾಸವಾಗಿದೆ.

ಇದೇ ಚಿಟ್ಟೆ ಬಿಲ್ವಪತ್ರೆ, ಕರಿಬೇವಿನ ಮೇಲೂ ಬೆಳೆಯುತ್ತದೆ. ಎಲ್ಲವೂ ಒಂದೇ ಕುಟುಂಬದ ಗಿಡಗಳು. ಸಿಲ್ಲಾಗೂ ಕರಿಬೇವು ಬಹಳ ಪ್ರೀತಿ. ಒಗ್ಗರಣೆಗೆ ದಿನಾ ಎಲೆ ಕೀಳುವುದರಿಂದ ಹಿತ್ತಲ ಕರಿಬೇವು ಯಾವಾಗಲೂ ಚಿಗುರುತ್ತಿರುತ್ತದೆ. ಲಿಂಬೆ ಬಲಿತು ಕೂತ ತಿಂಗಳುಗಳಲ್ಲಿ ಸಿಲ್ಲಾಗೆ ಅಲ್ಲಿ ಎಳೆ ಎಲೆ ಸಿಗುತ್ತಲೇ ಇರುತ್ತದೆ. ಲಿಂಬೆ ಸಸಿಗಳ ಪಕ್ಕದಲ್ಲೇ ಕರಿಬೇವು ಇದ್ದರೆ ಅದರ ತುದಿಗಳನ್ನೂ ನೋಡುತ್ತಿರಬೇಕು.

ಯೂರಿಯಾ ಹಾಕಿದ ಮೇಲೆ ಹುಳ ಹೆಚ್ಚುವುದೇಕೆ?

ಸರಕಾರಿ (ರಾಸಾಯನಿಕ) ಗೊಬ್ಬರದಲ್ಲಿ ಯೂರಿಯಾ ಅಂದರೆ ಶೇ. 46 ಸಾರಜನಕ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹಾಕಿದ ಕೆಲವೇ ದಿನಕ್ಕೆ ಗಿಡ ಕಡುಹಸಿರಾಗುತ್ತದೆ. ಜೊತೆಗೆ ಡಿಎಪಿ ಹಾಕಿದರೆ ಶೇ. 18 ಸಾರಜನಕ, ಶೇ. 46 ರಂಜಕ. ಎರಡರಲ್ಲೂ ಪೊಟ್ಯಾಷ್ ಇಲ್ಲ.

ಗಿಡಕ್ಕೆ ಒಮ್ಮೆಲೇ ಸಾರಜನಕ ಸುರಿದಾಗ ಮೂರು ಸಂಗತಿ ಆಗುತ್ತವೆ. ಚಿಗುರು ಜಾಸ್ತಿ ಬರುತ್ತದೆ, ಬೇರೆ ಬೇರೆ ಹೊತ್ತಿಗೆ ಬರುತ್ತದೆ. ಎಲೆ ದೊಡ್ಡದಾಗಿ ಮೆತ್ತಗೆ ಬೆಳೆದು ಬಲಿಯಲು ತಡ ಮಾಡುತ್ತದೆ. ರಸದಲ್ಲಿ ಅಮೈನೋ ಆಮ್ಲ ಏರುತ್ತದೆ. ಹುಳಕ್ಕೆ ಜಾಗ, ಸಮಯ, ಊಟ ಮೂರೂ ಹೆಚ್ಚಿದ ಹಾಗಾಯಿತು. ಇದರರ್ಥ ಸಾರಜನಕ ಕೆಟ್ಟದ್ದು ಅಂತಲ್ಲ. ಅದಿಲ್ಲದೆ ಎಲೆಯೂ ಇಲ್ಲ, ಕಾಯಿಯೂ ಇಲ್ಲ. ಗಿಡ ಬಳಸಿಕೊಳ್ಳುವಷ್ಟನ್ನು, ಬಳಸಿಕೊಳ್ಳುವ ಹೊತ್ತಿಗೆ, ಕಂತು ಮಾಡಿ ಕೊಡಬೇಕು.

ಪೊಟ್ಯಾಷ್ ಇಲ್ಲಿ ಬಹಳ ಮುಖ್ಯ. ಬೇರಿನಿಂದ ಬಂದ ಸಾರಜನಕ ಮೊದಲು ಅಮೈನೋ ಆಮ್ಲವಾಗಿ, ಆಮೇಲೆ ಪ್ರೋಟೀನ್ ಆಗಬೇಕು. ಪೊಟ್ಯಾಷ್ ಕಡಿಮೆ ಬಿದ್ದರೆ ಈ ಎರಡನೆಯ ಹೆಜ್ಜೆ ನಿಧಾನವಾಗುತ್ತದೆ. ಕಟ್ಟದೆ ಉಳಿದ ಅಮೈನೋ ಆಮ್ಲ, ಸಕ್ಕರೆ ಎಲೆಯಲ್ಲೇ ನಿಲ್ಲುತ್ತವೆ. ಹೀರುವ ಹುಳಕ್ಕೆ ಬೇಕಾದ ರೂಪ ಅದೇ. ಕ್ಯಾಲ್ಸಿಯಂ ಜೀವಕೋಶದ ಗೋಡೆಗಳನ್ನು ಬೆಸೆಯುತ್ತದೆ, ಅದು ಸಾಕಷ್ಟಿದ್ದರೆ ಎಲೆ ಗಟ್ಟಿಯಾಗುತ್ತದೆ. ತಿಪ್ಪೆ ಗೊಬ್ಬರದಲ್ಲಿ ಸಾರಜನಕ ಕಡಿಮೆ, ಬಿಡುಗಡೆಯಾಗುವುದೂ ನಿಧಾನ. ಹಾಗಾಗಿ ಚಿಗುರು ಒಮ್ಮೆಲೇ ಉಕ್ಕುವುದಿಲ್ಲ.

ನೀರು ತಡೆದಾಗ, ನೀರು ಬಿಟ್ಟಾಗ

ಬಹಾರ್ ಹಿಡಿಯಲು ಕೆಲವು ವಾರ ನೀರು ನಿಲ್ಲಿಸಿ, ಗಿಡ ಸ್ವಲ್ಪ ಬಾಡಿದ ಮೇಲೆ ಗೊಬ್ಬರ ಕೊಟ್ಟು ನೀರು ಬಿಡುತ್ತಾರೆ. ಆಗ ಚಿಗುರು, ಹೂ ಒಟ್ಟಿಗೆ ಬರುತ್ತವೆ. ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಇದು ಬೇಗ ಆಗುತ್ತದೆ. ಎರಿ (ಕಪ್ಪು ಮಣ್ಣಿನ) ಭೂಮಿ ತೇವ ಹಿಡಿದಿಟ್ಟುಕೊಳ್ಳುವುದರಿಂದ ಗಿಡ ಬಾಡಲು ತಡ, ಚಿಗುರೂ ಹಿಂದೆಮುಂದೆ ಆಗುತ್ತದೆ.

ನೀರಿನ ಕೊರತೆಗೆ ಹುಳಗಳು ಹೇಗೆ ಸ್ಪಂದಿಸುತ್ತವೆ ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ದೊಡ್ಡ ಚರ್ಚೆಯೇ ನಡೆದಿದೆ. ಆಸ್ಟ್ರೇಲಿಯಾದ ಟಿ. ಸಿ. ಆರ್. ವೈಟ್ 1969ರಲ್ಲಿ ನೀಲಗಿರಿ ಜಾತಿಯ ಮರಗಳ ಸಿಲ್ಲಾ ಹುಳಗಳ ಬಗ್ಗೆ ಬರೆದರು. ಹವಾಮಾನದಿಂದ ಮರ ಬಳಲಿದಾಗ ಎಲೆಯ ಪ್ರೋಟೀನ್ ಒಡೆದು ಅಮೈನೋ ಆಮ್ಲವಾಗಿ ರಸಕ್ಕೆ ಸೇರುತ್ತದೆ, ಹುಳ ಹೆಚ್ಚುತ್ತದೆ ಎಂಬುದು ಅವರ ವಾದ. 1991ರಲ್ಲಿ ಅಮೆರಿಕದ ಪೀಟರ್ ಪ್ರೈಸ್ ಇದಕ್ಕೆ ಎದುರು ಮಾತು ಹೇಳಿದರು. ಎಷ್ಟೋ ಹುಳಗಳು ಗಿಡದ ಅತಿ ಹುರುಪಿನ, ಜೋರಾಗಿ ಬೆಳೆಯುವ ಕೊಂಬೆಗಳನ್ನೇ ಆರಿಸುತ್ತವೆ ಎಂದರು.

ಲಿಂಬೆ ತೋಟದಲ್ಲಿ ಎರಡೂ ಕಾಣುತ್ತವೆ. ಬಿಸಿಲು, ಧೂಳು, ಬಾಡಿದ ಎಲೆ ಇದ್ದಾಗ ಕೆಂಪು ನುಸಿಗಳು ಏರುತ್ತವೆ. ನೀರು ಬಿಟ್ಟು ಚಿಗುರು ಉಕ್ಕಿದಾಗ ರಂಗೋಲಿ ಹುಳು, ಸಿಲ್ಲಾ, ಹೇನು ಬರುತ್ತವೆ.

"ಗಿಡ ಆರೋಗ್ಯವಾಗಿದ್ದರೆ ಹುಳನೇ ಬರಲ್ಲ" ಎಂಬ ಮಾತು ಇತ್ತೀಚೆಗೆ ತುಂಬ ಕೇಳುತ್ತದೆ. ಹೇಳುವವರ ಕಾಳಜಿ ದೊಡ್ಡದು, ಆದರೆ ಮಾತು ಅರ್ಧ ನಿಜ. ಕೆಂಪು ನುಸಿಯ ಮಟ್ಟಿಗೆ ಬಹುಪಾಲು ಸರಿ. ರಂಗೋಲಿ ಹುಳುವಿನ ಮಟ್ಟಿಗೆ ತಪ್ಪು. ಎಷ್ಟೇ ಚೆನ್ನಾಗಿ ಸಾಕಿದ ಲಿಂಬೆಯೂ ಚಿಗುರಲೇಬೇಕು, ಚಿಗುರಿದರೆ ಆ ಹುಳುವಿಗೆ ಜಾಗ ಸಿಕ್ಕೇ ಸಿಗುತ್ತದೆ. ಹುಳ ಬಂತೆಂದರೆ ರೈತನ ಆರೈಕೆ ಕೆಟ್ಟಿತು ಎಂದು ದೂರುವುದು ಸರಿಯಲ್ಲ.

ತೋಟದಲ್ಲಿ ಏನು ಮಾಡಬಹುದು?

ಮೊದಲನೆಯದು, ಚಿಗುರು ಒಟ್ಟಿಗೆ ಬಂದು ಒಟ್ಟಿಗೆ ಬಲಿಯುವಂತೆ ನೋಡಿಕೊಳ್ಳುವುದು. ಆಗಾಗ ಸ್ವಲ್ಪ ಸ್ವಲ್ಪ ಕೊಂಬೆ ಕತ್ತರಿಸಿದರೆ ಕತ್ತರಿಸಿದಲ್ಲೆಲ್ಲ ಹೊಸ ಚಿಗುರು ಏಳುತ್ತದೆ, ಹುಳಕ್ಕೆ ವರ್ಷವಿಡೀ ಎಳೆಯದು ಸಿಗುತ್ತದೆ. ಸವರುವುದನ್ನು ವರ್ಷಕ್ಕೊಮ್ಮೆ ಮುಗಿಸುವುದು ಒಳ್ಳೆಯದು. ಕಾಂಡದ ಬುಡದಿಂದ ನೆಟ್ಟಗೆ ಏಳುವ, ಕಾಯಿ ಬಿಡದ ರಭಸದ ಚಿಗುರುಗಳನ್ನು ಮಾತ್ರ ಎಳೆಯದಾಗಿರುವಾಗಲೇ ಮುರಿದು ಹಾಕಿ.

ರಂಗೋಲಿ ಬಿದ್ದ ಎಲೆ ನೋಡಲು ಚೆನ್ನಾಗಿರುವುದಿಲ್ಲ, ಕಿತ್ತು ಹಾಕೋಣ ಅನ್ನಿಸುತ್ತದೆ. ಬೇಡ. ಉಳಿದ ಹಸಿರು ಭಾಗ ಇನ್ನೂ ಗಿಡಕ್ಕೆ ಊಟ ಕೊಡುತ್ತದೆ. ಕಿತ್ತರೆ ಗಿಡ ಮತ್ತೆ ಚಿಗುರಿಗೆ ಶಕ್ತಿ ಖರ್ಚು ಮಾಡುತ್ತದೆ. ಗೆರೆ ಮೂಡಿ ಎಲೆ ಬಲಿತ ಮೇಲೆ ಎಣ್ಣಿ ಹೊಡೆದರೂ ಪ್ರಯೋಜನವಿಲ್ಲ, ಹುಳು ಆಗಲೇ ಪತಂಗವಾಗಿ ಹೋಗಿರುತ್ತದೆ. ಹೊಡೆಯಲೇಬೇಕಾದರೆ ಚಿಗುರು ಇಣುಕುವ ಹೊತ್ತಿಗೆ. ನಾಲ್ಕು ವರ್ಷ ದಾಟಿದ ಮರ ರಂಗೋಲಿ ಹುಳುವಿನ ಹಾನಿಯನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಕಾಪಾಡಬೇಕಾದದ್ದು ಸಸಿ ಮತ್ತು ಎಳೆ ಗಿಡಗಳನ್ನು, ಯಾಕೆಂದರೆ ಅವುಗಳ ಎಲೆಯಲ್ಲಿ ಬಹುಪಾಲು ಎಳೆಯದೇ. ಮೇಲಿಂದ ಮೇಲೆ ಹೊಡೆದರೆ ಸಿಲ್ಲಾ ಮರಿಯನ್ನು ಕೊಲ್ಲುವ ಟಮಾರಿಕ್ಸಿಯಾ ಎಂಬ ಸಣ್ಣ ಕಣಜ, ಗುಲಗಂಜಿ ದುಂಬಿ ಎಲ್ಲ ಸಾಯುತ್ತವೆ.

ಚಿಗುರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ತೋಟದ ನಾಲ್ಕೂ ಕಡೆ ಕೆಲವು ಗಿಡಗಳ ತುದಿ ಬಿಡಿಸಿ ನೋಡಿ. ಒಂದು ಸಣ್ಣ ಮಸೂರ ಇದ್ದರೆ ಇನ್ನೂ ಅನುಕೂಲ. ಇರುವೆ ಸಾಲು ಕಾಂಡ ಏರುತ್ತಿದ್ದರೆ ಅದರ ಬೆನ್ನು ಹತ್ತಿ, ಹೀರುವ ಹುಳದ ಕಡೆಗೇ ಅದು ಒಯ್ಯುತ್ತದೆ.

ಗೊಬ್ಬರದ ಪ್ರಮಾಣವನ್ನು ಅಂಗಡಿಯಲ್ಲಿ ಕೇಳಿ ಹಾಕುವುದಕ್ಕಿಂತ ಮಣ್ಣು ಮತ್ತು ಎಲೆಯ ಪರೀಕ್ಷೆ ಮಾಡಿಸಿ ಹಾಕುವುದು ಕ್ಷೇಮ. ಹುಲಕೋಟಿ ಮತ್ತು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಈ ಬಗ್ಗೆ ವಿಚಾರಿಸಬಹುದು. ಎಲೆ ಪರೀಕ್ಷೆಗೆ ಚಿಗುರೆಲೆ ಒಯ್ಯಬೇಡಿ, ಅದರಲ್ಲಿ ಎಲ್ಲವೂ ದಿನದಿನಕ್ಕೆ ಬದಲಾಗುತ್ತಿರುತ್ತದೆ. ಕಾಯಿ ಇಲ್ಲದ ಟೊಂಗೆಯಿಂದ, ನಾಲ್ಕರಿಂದ ಆರು ತಿಂಗಳ ಬಲಿತ ಎಲೆಗಳನ್ನು, ತೋಟದ ಬೇರೆ ಬೇರೆ ಕಡೆಯ ಗಿಡಗಳಿಂದ ಆರಿಸಿ ಕಾಗದದ ಚೀಲದಲ್ಲಿ ಒಯ್ಯಿರಿ.